ಅವಿಭಕ್ತ ಪಾಲು

ಬೆಂಗಳೂರಿನ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆಂದು ಹುಟ್ಟಿದ ಊರು. ಬೇಸಾಯ ಮಾಡಿಕೊಂಡು ಬದುಕಲಿ ಎಂದು ಅವರಿಗೆ ನೆಲ ಕೊಟ್ಟಿದ್ದರು. ಇಂದು ಅದೇ ಸುತ್ತಿನಲ್ಲಿ ಒಂದೇ ನೆಲದ ಮೇಲೆ ನೂರಾರು ಮನೆಗಳು. ಕೆಳಗೆ ಔಷಧದಂಗಡಿ, ಬ್ಯಾಂಕು, ಪಕ್ಕದಲ್ಲೇ ಕಚೇರಿ, 2023ರಿಂದ ಮೆಟ್ರೊ ಕೂಡ. ನಿಮ್ಮಲ್ಲಿ ಹಲವರು ಸಾಲ ಮಾಡಿ ಅಂಥ ಕಡೆ ಫ್ಲಾಟ್ ಕೊಂಡಿದ್ದೀರಿ. ಕ್ರಯಪತ್ರವನ್ನು ಒಮ್ಮೆ ತೆರೆದು ನೋಡಿ. ನಾಲ್ಕು ಗೋಡೆಗಳ ಒಳಗಿನ ಮನೆಯ ಜೊತೆಗೆ ನೆಲದಲ್ಲಿ ಒಂದು ಅವಿಭಕ್ತ ಪಾಲು ಎಂದು ಬರೆದಿರುತ್ತದೆ. ಸಾಮಾನ್ಯ ಜಾಗಗಳನ್ನು ಭಾಗ ಮಾಡಿಕೊಡಿ ಎಂದು ಯಾರೂ ಕೇಳುವಂತಿಲ್ಲ ಎನ್ನುತ್ತದೆ ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ. ಅವಿಭಕ್ತ ಕುಟುಂಬ ಸಾಕಪ್ಪಾ ಎಂದು ಪಾಲು ಮಾಡಿಕೊಂಡು ಬಂದವರಿಗೆ ಇದು ತಮಾಷೆಯೇ ಸರಿ!

ಈ ಭಾಗವಾಗದ ಸ್ವತ್ತಿನಲ್ಲಿ, ನಿಮ್ಮ ಮನೆಗೆ ದಿನವೂ ಬಂದು ದುಡಿಯುವ ಹೆಂಗಸಿಗೆ ಏನಿದೆ? ಕಾಯ್ದೆಯನ್ನು ಕೇಳಿದರೆ, ಏನೂ ಇಲ್ಲ. ಎಷ್ಟೋ ಕಡೆ ಆಕೆಗೆ ಬೇರೆ ಲಿಫ್ಟ್. ಶುಚಿತ್ವಕ್ಕಾಗಿ ಎನ್ನುತ್ತಾರೆ. ಹತ್ತು ನಿಮಿಷದ ನಂತರ ಅದೇ ಕೈ ನಮ್ಮ ಚಪಾತಿ ಹಿಟ್ಟು ನಾದುತ್ತದೆಯಲ್ಲ, ಆಗ ಶುಚಿತ್ವ ಎಲ್ಲಿ ಹೋಯಿತು? ಸಾಮಾನು ಸಾಗಿಸಲು, ಕಸ ಇಳಿಸಲು ಬೇರೆ ಲಿಫ್ಟ್ ಇರಲಿ, ತಕರಾರಿಲ್ಲ. ಆ ಸಾಲಿಗೆ ಮನುಷ್ಯರನ್ನೂ ಸೇರಿಸಿದರೆ, ಹಳೆಯ ಅಸ್ಪೃಶ್ಯತೆಯೇ ವೇಷ ಬದಲಿಸಿ ಬಂದಿದೆ ಎಂದು ನಾನು ಹೇಳುತ್ತೇನೆ.

“ನಮ್ಮ ದುಡ್ಡು, ನಮ್ಮ ಸ್ವತ್ತು, ನಮ್ಮ ನಿಯಮ” ಎಂಬ ವಾದವುಂಟು. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಖಾಸಗಿ ಆಸ್ತಿಯನ್ನು ಒಪ್ಪಿದವರೇ. ತನ್ನದಾದರೆ ಮನುಷ್ಯ ಹೆಚ್ಚು ಜೋಪಾನ ಮಾಡುತ್ತಾನೆ, ಜಗಳವೂ ಕಡಿಮೆ ಎಂಬುದು ಅವರ ಕಾರಣ. (ನಮ್ಮ ಫ್ಲಾಟ್ ಸಂಘಗಳ ಸಭೆಗಳನ್ನು ಅವರು ಕಂಡಿರಲಿಲ್ಲ!) ಆದರೆ ಬಳಸುವಾಗ ಅದನ್ನು ಎಲ್ಲರದೆಂದು ಭಾವಿಸಿ, ಅಗತ್ಯದಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧರಿರಬೇಕು ಎಂದೂ ಅವರು ಕಲಿಸಿದರು. ಒಡೆತನ ಬೇರೆ, ಬಳಕೆ ಬೇರೆ. ಆಕೆ ಲಿಫ್ಟಿನಲ್ಲಿ ಹತ್ತಿ ಇಳಿದರೆ ನಿಮ್ಮ ಪಾಲಿನಲ್ಲಿ ಒಂದಂಗುಲವೂ ಸವೆಯುವುದಿಲ್ಲ.

ಲಿಫ್ಟಿಗಿಂತ ದೊಡ್ಡ ಸಂಕಟ ಇನ್ನೊಂದಿದೆ. ಬೆಳಿಗ್ಗೆ ಬಂದು ನಾಲ್ಕೈದು ಮನೆಗಳ ಕೆಲಸ ಮುಗಿಸಿ ಮಧ್ಯಾಹ್ನ ಹೊರಡುವ ಹೆಂಗಸು ಶೌಚಕ್ಕೆ ಎಲ್ಲಿಗೆ ಹೋಗಬೇಕು? ತಾನು ತೊಳೆಯುವ ಶೌಚಾಲಯವನ್ನೇ ಬಳಸುವಂತಿಲ್ಲದ ಮನೆಗಳಿವೆ. ಬಾಯಾರಿದರೂ ನೀರು ಕುಡಿಯದೆ ತಡೆದುಕೊಳ್ಳುವವರಿದ್ದಾರೆ. ಮುಂದಿನ ಸಭೆಯಲ್ಲಿ ಸುಣ್ಣಬಣ್ಣ, ಪಾರ್ಕಿಂಗ್ ಮಾತು ಶುರುವಾಗುವ ಮುನ್ನ ನೀವೇ ಎದ್ದು ಈ ವಿಷಯ ಎತ್ತಿ. ಅದಕ್ಕೂ ಮೊದಲು, ನಾಳೆ ಬೆಳಿಗ್ಗೆ ಆಕೆ ಬಂದಾಗ, ನಮ್ಮ ಮನೆಯದನ್ನು ಬಳಸಮ್ಮಾ ಎಂದು ಬಾಯಿಬಿಟ್ಟು ಹೇಳಿ. ತಾನಾಗಿ ಕೇಳಲು ಆಕೆಗೆ ಸಂಕೋಚ.