ಸುಸ್ತು, ಸುಸ್ತಿ
ನಮ್ಮಲ್ಲಿ ಸುಸ್ತು ಅಂದರೆ ದಣಿವು. ಪುಣೆಯ ಮರಾಠಿಯಲ್ಲಿ ‘ಸುಸ್ತಿ’ ಅಂದರೆ ಜಡತನ, ಸೋಮಾರಿತನದ ಪಕ್ಕದ ಮನೆ. ದಣಿವಿಗೆ ಅವರು ‘ಥಕವಾ’ ಅನ್ನುತ್ತಾರೆ. ಇಲ್ಲಿಗೆ ಬಂದ ಕನ್ನಡಿಗರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಆದರೆ ದಣಿದವರನ್ನು ಸೋಮಾರಿ ಅಂತ ಅನುಮಾನಿಸುವುದು ಯಾವ ಭಾಷೆಯಲ್ಲೂ ತಪ್ಪಿದ್ದಲ್ಲ.

ತಿಂಗಳುಗಟ್ಟಲೆ ಬಿಡದ ಸುಸ್ತಿಗೆ ಕಾರಣ ಹಲವು: ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ-12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ. ಡಾಕ್ಟರಿಗೆ ತೋರಿಸಿದರೆ ಇವು ಗೊತ್ತಾಗುತ್ತವೆ, ಚಿಕಿತ್ಸೆಯೂ ಇದೆ. ರಿಪೋರ್ಟೆಲ್ಲ ನಾರ್ಮಲ್ ಬಂದೂ ಏಳಲಾಗದವರ ಗತಿಯೇನು? 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ 200ಕ್ಕೂ ಹೆಚ್ಚು ಸಿಬ್ಬಂದಿ ಇಂಥ ಕಾಯಿಲೆ ಬಿದ್ದರು. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ದಾಖಲೆ ಓದಿ, ಅದು ಹಿಸ್ಟೀರಿಯಾ ಇರಬೇಕು ಅಂದರು. ಕ್ರಾನಿಕ್ ಫಟೀಗ್ ಸಿಂಡ್ರೋಮ್ ದೇಹದ್ದೇ ಗಂಭೀರ ರೋಗ ಅಂತ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೇಳಿದ್ದು 2015ರಲ್ಲಿ. ಅದನ್ನು ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಶಕ್ತಿ ಮೀರಿ ದುಡಿದರೆ ಉಲ್ಬಣಿಸುತ್ತದೆ. ಇದ್ದಷ್ಟು ಶಕ್ತಿಯಲ್ಲಿ ದಿನ ತೂಗಿಸಬೇಕು.

ಊರಲ್ಲಾದರೆ ಅಮ್ಮ ಮುಖ ನೋಡಿಯೇ, “ಯಾಕೋ ಸಪ್ಪಗಿದ್ದೀಯ, ಮಲಗು” ಅಂತಾಳೆ. ಪರ ಊರಲ್ಲಿ ದಣಿವಿಗೂ ಕಾಗದಪತ್ರ ಬೇಕು, ಬಾಡಿಗೆ ಮನೆಗೆ ಬೇಕಾದ ಹಾಗೆ. ರೂಮಿನವರು ಸುಳ್ಳೇ ಸುಸ್ತು ಅಂದರೂ, ನಂಬಿದ ನಮಗೆ ಒಂದು ದಿನದ ಪಾತ್ರೆ ತೊಳೆಯುವ ಕೆಲಸ ಹೆಚ್ಚಾದೀತು, ಅಷ್ಟೆ. ನಿಜವಾದದ್ದನ್ನು ನಂಬದೆ ಎಬ್ಬಿಸಿ ಓಡಾಡಿಸಿದರೆ ಅವರ ಕಾಯಿಲೆಯೇ ಹೆಚ್ಚೀತು. ಈ ಎರಡು ನಷ್ಟ ಒಂದೇ ತೂಕದವಲ್ಲ. ಅದಕ್ಕೇ ನಾನು ಮೊದಲು ನಂಬುತ್ತೇನೆ. ಕಾರಣ ಆಮೇಲೆ ಹುಡುಕಿಸಿದರಾಯಿತು.