ಕೂಗು ಯಾರಿಗಾಗಿ?

ಅಮೆರಿಕದ ಯಾವುದೋ ಊರಿನ ಪಾರ್ಕು, ಶನಿವಾರದ ಬೆಳಗು, ಹನ್ನೆರಡರ ಒಳಗಿನ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯ. ನೆಲದ ಮೇಲೆ ಪುಟಿಯುತ್ತ ಬಂದ ಚೆಂಡು ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತ ಹುಡುಗಿಯ ಗ್ಲೌಸಿಗೆ ತಾಗಿ ಒಂದು ಮಾರು ಆಚೆ ಹೋಗಿ ಬೀಳುತ್ತದೆ. ಅವಳ ಕಣ್ಣು ಮೊದಲು ಹೋಗುವುದು ಚೆಂಡಿನತ್ತ ಅಲ್ಲ, ತಂಡ ಕೂರುವ ಡಗ್‌ಔಟಿನಲ್ಲಿರುವ ಕೋಚ್‌ನ ಮುಖದತ್ತ. ಅಷ್ಟು ಹೊತ್ತಿಗೆ ಎದುರಾಳಿ ಹುಡುಗಿ ಮೊದಲ ಬೇಸ್ ದಾಟಿ ಎರಡನೆಯದಕ್ಕೆ ಓಡಿರುತ್ತಾಳೆ. ಚೆಂಡು ಜಾರಿದ್ದು ಕೈತಪ್ಪು, ಯಾರಿಗೂ ಆಗುವಂಥದ್ದು. ಎರಡನೇ ಬೇಸ್ ಕೈಬಿಟ್ಟಿದ್ದು ಮಾತ್ರ ಆ ನೋಟದ ದೆಸೆಯಿಂದ. ಆ ನೋಟವನ್ನು ಅವಳು ಹುಟ್ಟುತ್ತಲೇ ತಂದಿರಲಿಲ್ಲ, ಯಾರೋ ಕಲಿಸಿದ್ದಾರೆ.

ಕಲಿಸಿದ್ದು ಮೈದಾನದ ಅಂಚಿನಿಂದ ಬರುವ ಕೂಗು. ಆಟ ನಡೆಯುತ್ತಿರುವಾಗ ಕೋಚ್ ಮತ್ತು ತಂದೆತಾಯಿ ಕೂಗಿ ಹೇಳುವ ಮಾತಿನಲ್ಲಿ ಬಹುಪಾಲು ಮಗುವಿಗಾಗಿ ಅಲ್ಲವೇ ಅಲ್ಲ, ಕೂಗುವವರ ತಳಮಳಕ್ಕಾಗಿ ಎಂಬುದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ಅಮೆರಿಕದಲ್ಲಿ ಹನ್ನೆರಡರ ಒಳಗಿನವರ ಆಟದಲ್ಲಿ ಪಿಚರ್ ಚೆಂಡೆಸೆಯುವುದು 40 ಅಡಿ ದೂರದಿಂದ, ದೊಡ್ಡ ಹೆಣ್ಣುಮಕ್ಕಳಲ್ಲಿ 43 ಅಡಿಯಿಂದ. ಗಂಟೆಗೆ 50 ಮೈಲಿ ವೇಗದ ಚೆಂಡು ಬ್ಯಾಟ್ ಹಿಡಿದವಳನ್ನು ಮುಟ್ಟಲು ಅರ್ಧ ಸೆಕೆಂಡಿನ ಆಸುಪಾಸು ಸಾಕು. ಅಷ್ಟರೊಳಗೆ ಚೆಂಡು ಎಲ್ಲಿ ಬರುತ್ತದೆಂದು ಗುರುತಿಸಿ, ಬೀಸಬೇಕೋ ಬಿಡಬೇಕೋ ಎಂದು ತೀರ್ಮಾನಿಸಿ, ಬೀಸಿಯೂ ಮುಗಿಸಬೇಕು. ಆ ಹೊತ್ತಿಗೆ "ಮೊಣಕೈ ಮೇಲೆತ್ತು", "ಚೆಂಡು ನೋಡು", "ಔಟಾಗಬೇಡ" ಎಂಬ ಮೂರು ಕೂಗು ಮೂರು ದಿಕ್ಕಿನಿಂದ ಬಂದರೆ ಅವುಗಳನ್ನು ಇಟ್ಟುಕೊಳ್ಳಲು ಆ ತಲೆಯಲ್ಲಿ ಜಾಗವೆಲ್ಲಿದೆ? ಅದರಲ್ಲೂ "ಔಟಾಗಬೇಡ" ಎನ್ನುವುದರಲ್ಲಿ ಸಲಹೆಯೇ ಇಲ್ಲ, ಬರೀ ಭಯವಿದೆ.

ಬ್ರಿಟಿಷ್ ತತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರಲ್ಲಿ ಪ್ರಕಟಿಸಿದ 'ದಿ ಕಾನ್ಸೆಪ್ಟ್ ಆಫ್ ಮೈಂಡ್' ಪುಸ್ತಕದಲ್ಲಿ ಒಂದು ಸಂಗತಿ ಹೀಗಿದೆ ಎಂದು ತಿಳಿಯುವುದನ್ನೂ ಒಂದು ಕೆಲಸ ಮಾಡಲು ಬರುವುದನ್ನೂ ಬೇರೆಬೇರೆ ಮಾಡಿ ತೋರಿಸಿದ. ಕೆಲಸ ಬಲ್ಲವನು ಮನಸ್ಸಿನಲ್ಲಿ ನಿಯಮ ಓದಿಕೊಂಡು ಆಮೇಲೆ ಕೈ ಆಡಿಸುವುದಿಲ್ಲ. ಅವನ ತಿಳಿವಳಿಕೆ ಇರುವುದು ಆ ಕೈಯಾಟದಲ್ಲೇ. ಊರ ಬಾವಿಯಲ್ಲಿ ಈಜು ಕಲಿಸುತ್ತಿದ್ದವರಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತಿತ್ತು: ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನೀರಿಗೆ ಬಿಟ್ಟು, ತಾವೂ ನೀರಲ್ಲೇ ಇರುತ್ತಿದ್ದರು, ಕಟ್ಟೆಯ ಮೇಲೆ ಕೂತು ಭಾಷಣ ಬಿಗಿಯುತ್ತಿರಲಿಲ್ಲ. ಮಾತು ಕೈಗೆ ಇಳಿಯಲು ಕಾಲ ಬೇಕು, ಮತ್ತೆಮತ್ತೆ ಮಾಡುವ ಅವಕಾಶ ಬೇಕು. ಅದು ಸಿಗುವುದು ಅಭ್ಯಾಸದಲ್ಲಿ. ಪಂದ್ಯ ಶುರುವಾದ ಮೇಲೆ ಹೇಳುವುದು ಪರೀಕ್ಷೆಯ ಕೋಣೆಯಲ್ಲಿ ಪಾಠ ಮಾಡಿದಂತೆ. ಈ ಆಟದ ನಿಯಮಗಳಿಗೂ ಇದರ ಅರಿವು ಇದ್ದಂತಿದೆ: ಪಂದ್ಯ ನಿಲ್ಲಿಸಿ ಕೋಚ್ ಪಿಚರ್ ಬಳಿಗೆ ಹೋಗಿ ಮಾತಾಡಬಹುದು, ಆದರೆ ಇಷ್ಟೇ ಸಲ ಎಂಬ ಮಿತಿಯುಂಟು. ಮೂರನೇ ಬೇಸ್ ಪಕ್ಕ ನಿಂತ ಕೋಚ್ ಟೋಪಿ, ಕಿವಿ, ಬೆಲ್ಟು ಮುಟ್ಟಿ ಸನ್ನೆಯಲ್ಲೇ ಕೆಲಸ ಮುಗಿಸುತ್ತಾನೆ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ 1970ರ ದಶಕದಲ್ಲಿ ಸಾಫ್ಟ್‌ಬಾಲಿನ ಅಣ್ಣನೇ ಆದ ಬೇಸ್‌ಬಾಲ್‌ನ ಬಾಲಕರ ಕೋಚ್‌ಗಳನ್ನು ಮೈದಾನದಲ್ಲೇ ಕೂತು ಗಮನಿಸಿದರು. ಅವರ ಒಂದೊಂದು ನಡೆಯನ್ನೂ ಗುರುತು ಹಾಕಿಕೊಂಡರು. ತಾವು ಮಕ್ಕಳೊಂದಿಗೆ ಹೇಗೆ ನಡೆದುಕೊಳ್ಳುತ್ತೇವೆಂಬುದು ಕೋಚ್‌ಗಳಿಗೆ ಹೆಚ್ಚಾಗಿ ಗೊತ್ತೇ ಇರಲಿಲ್ಲ. ಮಕ್ಕಳು ಕೊಟ್ಟ ವರದಿಯೇ ನಿಜಕ್ಕೆ ಹತ್ತಿರವಿತ್ತು. ಗದರಿಕೆ, ಶಿಕ್ಷೆಯಂಥ ನಡೆಗಳು ಒಟ್ಟಿನಲ್ಲಿ ಶೇ. 3ರಷ್ಟೇ. ಆದರೆ ಮಕ್ಕಳ ಮನಸ್ಸು ಮುರಿಯುವುದರಲ್ಲಿ ಅವುಗಳ ಪ್ರಭಾವವೇ ಎಲ್ಲಕ್ಕಿಂತ ಹೆಚ್ಚು. ಇನ್ನೂ ಒಂದು ಅಂಶ ನನ್ನನ್ನು ಬಹಳ ಕಾಡುತ್ತದೆ. ಮಕ್ಕಳು ಕೋಚ್‌ನನ್ನು ಮೆಚ್ಚುವುದಕ್ಕೂ ತಂಡದ ಸೋಲುಗೆಲುವಿಗೂ ಸಂಬಂಧವೇ ಇರಲಿಲ್ಲ. ಆದರೆ ಕೋಚ್ ತಮ್ಮನ್ನು ಮೆಚ್ಚುತ್ತಾನೆ ಎಂಬ ನಂಬಿಕೆ ಗೆದ್ದ ತಂಡದ ಮಕ್ಕಳಲ್ಲಿ ಹೆಚ್ಚಿತ್ತು. ಮಕ್ಕಳ ಪ್ರೀತಿಗೆ ಅಂಕದ ಹಂಗಿಲ್ಲ. ದೊಡ್ಡವರ ಪ್ರೀತಿಗೆ ಮಾತ್ರ ಹಂಗಿದೆ ಎಂದು ಮಕ್ಕಳು ಊಹಿಸಿಕೊಂಡಿದ್ದಾರೆ. ಅದನ್ನು ಅವರಿಗೆ ಯಾರೂ ಬಾಯಿಬಿಟ್ಟು ಹೇಳಿರಲಾರರು. ಕೂಗಿನ ಏರಿಳಿತದಲ್ಲೇ ಓದಿಕೊಂಡಿರುತ್ತಾರೆ.

"ನಮ್ಮ ಪಿ.ಟಿ. ಮೇಷ್ಟ್ರು ಬೈದು, ಬಾರಿಸಿಯೇ ನಮ್ಮನ್ನು ಮನುಷ್ಯರನ್ನಾಗಿ ಮಾಡಿದ್ದು" ಎಂದು ಯಾರಾದರೂ ಇಲ್ಲಿ ಎದ್ದು ನಿಲ್ಲುತ್ತಾರೆ. ಬೆಂಗಳೂರಿನಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, ಮಗಳನ್ನು ಸಾಫ್ಟ್‌ಬಾಲಿಗೆ ಸೇರಿಸಿದ ಅಪ್ಪನ ಬಾಯಲ್ಲೂ ಈ ಮಾತು ಬಂದೀತು. ಮಾತು ಸುಳ್ಳಲ್ಲ, ಆದರೆ ಅರ್ಧ ಸಾಕ್ಷ್ಯ. ಬೈಗುಳ ತಿಂದು ಉಳಿದವರಷ್ಟೇ ಈ ಮಾತು ಹೇಳಲು ಸಿಗುತ್ತಾರೆ. ಮೈದಾನ ಬಿಟ್ಟು ಹೋದವರ ಹೇಳಿಕೆಯನ್ನು ಯಾರೂ ಕೇಳಿಸಿಕೊಂಡಿಲ್ಲ. ಅದೇ ಸ್ಮಿತ್, ಸ್ಮೋಲ್ ಮತ್ತು ಅವರ ಸಹೋದ್ಯೋಗಿ 1992ರಲ್ಲಿ ಪ್ರಕಟಿಸಿದ ಅಧ್ಯಯನ ಹೋದವರನ್ನೂ ಲೆಕ್ಕಕ್ಕೆ ತಂದಿತು. ಮಾತಿನ ರೀತಿಯ ಬಗ್ಗೆ ತರಬೇತಿ ಪಡೆದ ಕೋಚ್‌ಗಳ ತಂಡಗಳಿಂದ ಮರುವರ್ಷ ಆಟ ಬಿಟ್ಟವರು ಶೇ. 5, ತರಬೇತಿ ಇಲ್ಲದವರ ಕಡೆ ಶೇ. 26. ಎರಡೂ ಕಡೆಯ ತಂಡಗಳ ಗೆಲುವಿನ ಪಟ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಇನ್ನೊಂದು ಆಕ್ಷೇಪಣೆಗೆ ಹೆಚ್ಚು ತೂಕವಿದೆ: ಸುಮ್ಮನಿದ್ದರೆ ಅದು ಉದಾಸೀನವಾಗದೆ? ಆಗುತ್ತದೆ, ಅಭ್ಯಾಸದಲ್ಲೂ ಸುಮ್ಮನಿದ್ದರೆ. ಎಲ್ಲದಕ್ಕೂ "ಗುಡ್ ಜಾಬ್" ಎನ್ನುವುದು ಕೂಡ ಉದಾಸೀನದ್ದೇ ಇನ್ನೊಂದು ರೂಪ, ಏಕೆಂದರೆ ಹಾಗೆನ್ನಲು ಆಟವನ್ನು ನೋಡಬೇಕಾಗಿಯೇ ಇಲ್ಲ. ಅಭ್ಯಾಸದ ದಿನ ಕೋಚ್ ಧಾರಾಳವಾಗಿ ಮಾತಾಡಲಿ, ಕಟ್ಟುನಿಟ್ಟಾಗಿಯೂ ಇರಲಿ. "ಸರಿಯಾಗಿ ಆಡು" ಎನ್ನುವ ಬದಲು "ಗ್ಲೌಸ್ ನೆಲಕ್ಕೆ ತಾಗಲಿ, ಚೆಂಡು ಬಂದಮೇಲೆ ಎತ್ತು" ಎಂದು ಒಂದೇ ವಿಷಯ ಹೇಳಲಿ. ಅದಕ್ಕೂ ಮೊದಲು "ಆ ಚೆಂಡು ನಿನಗೆ ಎಲ್ಲಿ ಕಂಡಿತು?" ಎಂದು ಕೇಳಲಿ. ಕೇಳಿಸಿಕೊಂಡ ಮಗು ತನ್ನ ಆಟವನ್ನು ತಾನೇ ಗಮನಿಸಲು ಕಲಿಯುತ್ತದೆ, ಮತ್ತು ಪಂದ್ಯದ ದಿನ ಅದರ ಜೊತೆಗಿರುವುದು ಆ ಗಮನವೊಂದೇ.

ಹತ್ತು ಸಲ ಬ್ಯಾಟ್ ಹಿಡಿದು ಮೂರು ನಾಲ್ಕು ಸಲ ಚೆಂಡನ್ನು ಸರಿಯಾಗಿ ಹೊಡೆದವಳನ್ನು ಒಳ್ಳೆಯ ಬ್ಯಾಟರ್ ಎನ್ನುವ ಆಟವಿದು. ಉಳಿದ ಆರೇಳು ಸಲ ಅವಳು ತಲೆ ತಗ್ಗಿಸಿ ಡಗ್‌ಔಟಿಗೆ ವಾಪಸು ನಡೆಯಲೇಬೇಕು. ಪ್ರತಿ ಸಲವೂ ದೊಡ್ಡವರ ಮುಖ ಕಪ್ಪಿಟ್ಟರೆ, ಅವಳು ಕಲಿಯುವುದು ಸೋಲು ಬರದಂತೆ ಆಡುವ ಆಟ. ಅಂದರೆ ಬ್ಯಾಟನ್ನೇ ಬೀಸದಿರುವುದು. ಧೈರ್ಯವಾಗಿ ತಪ್ಪು ಮಾಡುವ ಹಕ್ಕನ್ನು ಕಿತ್ತುಕೊಂಡು ಕೌಶಲ ಕೊಡುತ್ತೇನೆ ಎನ್ನುವವರು ಕೊನೆಗೆ ಎರಡನ್ನೂ ಕೊಡುವುದಿಲ್ಲ.

ಆದ್ದರಿಂದ ಕೋಚ್‌ಗಳಲ್ಲಿ, ತಂದೆತಾಯಿಗಳಲ್ಲಿ ನನ್ನ ಕೇಳಿಕೆ ಇಷ್ಟೇ. ಹೇಳಬೇಕಾದ್ದನ್ನೆಲ್ಲ ಅಭ್ಯಾಸದಲ್ಲೇ ಹೇಳಿ ಮುಗಿಸಿ. ಪಂದ್ಯದಲ್ಲಿ ಪಿಚರ್ ಕೈ ತಿರುಗಿಸಲು ಶುರುಮಾಡಿದ ಮೇಲೆ ಬಾಯಿ ಮುಚ್ಚಿಕೊಳ್ಳಿ. ಮನೆಗೆ ಹೋಗುವ ಕಾರಿನಲ್ಲಿ ಪಂದ್ಯದ ಮಾತನ್ನು ಮಗುವೇ ಎತ್ತುವವರೆಗೆ ಕಾಯಿರಿ.