ಅನುಮೋದನೆಯ ಎಲ್ಲೆ

ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ಈಸ್ಟ್ ಕರ್ಕ್‌ಬಿ ಎಂಬಲ್ಲಿ ಎರಡನೆಯ ಮಹಾಯುದ್ಧ ಕಾಲದ ಒಂದು ವಿಮಾನನೆಲೆಯಿದೆ. 1943ರಿಂದ ಜರ್ಮನಿಯ ನಗರಗಳ ಮೇಲಿನ ರಾತ್ರಿದಾಳಿಗೆ ಲ್ಯಾಂಕಾಸ್ಟರ್ ಬಾಂಬರ್‌ಗಳು ಅಲ್ಲಿಂದ ಹೊರಡುತ್ತಿದ್ದವು. ಈಗ ಅದೊಂದು ವಸ್ತುಸಂಗ್ರಹಾಲಯ. ಉಳಿದುಬಂದ ಲ್ಯಾಂಕಾಸ್ಟರ್ ಒಂದು, ‘ಜಸ್ಟ್ ಜೇನ್’ ಎಂದು ಅದರ ಹೆಸರು, ನಾಲ್ಕೂ ಎಂಜಿನ್‌ಗಳ ಘರ್ಜನೆಯೊಡನೆ ಅಲ್ಲಿ ನೆಲದ ಮೇಲೆ ಓಡುವಾಗ ನೆರೆದವರು ಪುಳಕಿತರಾಗುತ್ತಾರೆ. ಈ ಪುಳಕವು ಹಿಂಸೆಯ ಅನುಮೋದನೆಯೇ?

1945ರಲ್ಲಿ ಜಪಾನಿನ ವಿರುದ್ಧದ ಯುದ್ಧಕ್ಕೆಂದು ತಯಾರಾದ ಈ ವಿಮಾನವು ಯುದ್ಧವೇ ಮುಗಿದುದರಿಂದ ಯಾವ ದಾಳಿಗೂ ಹೋಗಲಿಲ್ಲ. ಹಾಗಾದರೆ ಅದು ನಿರ್ದೋಷಿಯೆಂದು ಲೋಕ ಹೇಳೀತು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಸಂಕಲ್ಪಿಸುವ ಸಂರಂಭ, ಸಾಧನ ಕೂಡಿಸುವ ಸಮಾರಂಭ, ಕಾರ್ಯಕ್ಕಿಳಿಯುವ ಆರಂಭ. ಇವು ಮನೋವಾಕ್ಕಾಯಗಳಿಂದ, ಕೃತ-ಕಾರಿತ-ಅನುಮತಗಳಿಂದ, ನಾಲ್ಕು ಕಷಾಯಗಳಿಂದ ಗುಣಿತವಾಗಿ 108 ಆಗುತ್ತವೆ. ಜಪಮಾಲೆಯ ಮಣಿಗಳೂ ಅಷ್ಟೇ ಎಂಬುದನ್ನು ಹಿರಿಯರು ಮಕ್ಕಳಿಗೆ ಹೇಳುವುದುಂಟು. ಬಾಂಬು ಬೀಳದಿದ್ದರೂ ಸಮಾರಂಭ ನಡೆದಿತ್ತು. ಆದರೆ ಆಸ್ರವವು ಲೋಹಕ್ಕಲ್ಲ, ಅದನ್ನು ಕಟ್ಟಿದ, ಕಟ್ಟಿಸಿದ, ಮೆಚ್ಚಿದ ಜೀವಕ್ಕೆ.

ಅದನ್ನು ಉಳಿಸಿದವರ ಭಾವವಾದರೂ ಬೇರೆಯೇ ಆಗಿತ್ತು. ಫ್ರೆಡ್ ಮತ್ತು ಹೆರಾಲ್ಡ್ ಪ್ಯಾಂಟನ್ ಎಂಬ ಕೃಷಿಕ ಸಹೋದರರ ಅಣ್ಣ ಕ್ರಿಸ್ಟೋಫರ್ 1944ರ ಮಾರ್ಚ್ ಕೊನೆಯಲ್ಲಿ ನ್ಯೂರೆಂಬರ್ಗ್ ದಾಳಿಗೆ ಹೋದವನು ಮರಳಲಿಲ್ಲ. ಆ ಒಂದೇ ರಾತ್ರಿ 90ಕ್ಕೂ ಹೆಚ್ಚು ವಿಮಾನಗಳು ನಷ್ಟವಾದವು. ಅಣ್ಣನ ನೆನಪಿಗಾಗಿಯೇ ತಮ್ಮಂದಿರು ವಿಮಾನವನ್ನು ಕೊಂಡು ತಂದರು. ಅವರ ಕಣ್ಣಿಗೆ ಕಂಡದ್ದು ಆಯುಧವಲ್ಲ, ಅಣ್ಣ. ಇದನ್ನು ಅನುಮೋದನೆ ಎನ್ನಲು ನಾಲಗೆ ಏಳದು. ನೋಡುವವನ ಪುಳಕದಲ್ಲಿ ‘ನಮ್ಮ ಬಲ’ ಎಂಬ ಮಾನಕಷಾಯ ಬೆರೆತಾಗಲಂತೂ ಎಲ್ಲೆ ದಾಟಿದಂತೆಯೇ.

ಹಿಟ್ಲರನನ್ನು ತಡೆದದ್ದು ವಿರೋಧೀ ಹಿಂಸೆ, ಗೃಹಸ್ಥನಿಗೆ ಅದು ಕ್ಷಮ್ಯ ಎಂಬ ವಾದವುಂಟು. ಆಕ್ರಮಣಕಾರಿಯನ್ನು ತಡೆಯುವ ಮಟ್ಟಿಗೆ ಅದು ಸರಿ. ಆದರೆ 1945ರ ಫೆಬ್ರುವರಿಯಲ್ಲಿ ಡ್ರೆಸ್ಡೆನ್ ನಗರದಲ್ಲಿ ಸುಮಾರು 25,000 ಜನ ಮಡಿದರು. ಅವರಲ್ಲಿ ಆಯುಧ ಹಿಡಿಯದ ಸ್ತ್ರೀಯರೂ ಮಕ್ಕಳೂ ಬಹಳ. ಸಾವಿರಾರು ಅಡಿ ಎತ್ತರದಲ್ಲಿ, ವಿಮಾನದ ಮೂತಿಯಲ್ಲಿ ಬೋರಲು ಮಲಗಿ ಗುರಿ ಹಿಡಿಯುತ್ತಿದ್ದ ತರುಣನಿಗೆ ಕಾಣುತ್ತಿದ್ದುದು ಬೆಂಕಿಯ ಬೆಳಕು ಮಾತ್ರ, ಮುಖಗಳಲ್ಲ. ಮುಖ ಕಾಣದೆ ಇದ್ದುದರಿಂದ ಪ್ರಮಾದ ಕಡಿಮೆಯಾಯಿತೇ, ಹೆಚ್ಚಿತೇ?

ಲಿಂಕನ್ ನಗರದಲ್ಲಿ 2018ರಲ್ಲಿ ತೆರೆದ ಸ್ಮಾರಕದ ಗೋಡೆಗಳ ಮೇಲೆ, ಆ ಬಾಂಬರ್ ಪಡೆಯಲ್ಲಿ ಸೇವೆಯಲ್ಲಿದ್ದು ಮಡಿದ ಸುಮಾರು 58,000 ಜನರ ಹೆಸರುಗಳಿವೆ. ಅದೇ ಸಂಸ್ಥೆಯ ದಾಖಲೆಗಳಲ್ಲಿ, ಬಾಂಬು ಬಿದ್ದ ಊರುಗಳಲ್ಲಿ ಬದುಕುಳಿದವರ ಮಾತುಗಳನ್ನೂ ಸಂಗ್ರಹಿಸಿಡಲಾಗಿದೆ.